ಸೇರೇ ಕುಗ್ಗಿದರೆ ರಾಗಿ ಅಳೆಯುವುದೆಂತು?

ಮೂರು ರಾತ್ರಿ ನಿದ್ದೆಗೆಟ್ಟು ಪ್ರೋಗ್ರಾಂ ತಿದ್ದಿದೆಯಲ್ಲ ಮಗೂ, ಬೋರ್ಡಿಗೆ ಎಷ್ಟು ವೋಲ್ಟ್ ಬರುತ್ತಿದೆ ಅಂತ ಒಂದು ಸಲವಾದರೂ ಸರಿಯಾಗಿ ನೋಡಿದೆಯಾ? ಕೈ ಚುರುಕು ನಿನ್ನದು, ಬುದ್ಧಿಯೂ ಚುರುಕು. ತಾಳ್ಮೆ ಮಾತ್ರ ಇನ್ನೂ ತೊಟ್ಟಿಲಲ್ಲಿದೆ.

ನಿನ್ನ ಪಂಪಿನ ಪೆಟ್ಟಿಗೆ ಎಸ್ಸೆಮ್ಮೆಸ್ ಕಳಿಸುವ ಹೊತ್ತಿಗೇ ರೀಸೆಟ್ ಆಗುತ್ತೆ. ನೀನು ಕೋಡಿಗೆ ಬೈದೆ. ಪಾಪ, ಕೋಡ್ ಏನು ಮಾಡೀತು? ಆ ಸಿಮ್800 ಮಾಡ್ಯೂಲ್ ಸಂದೇಶ ಕಳಿಸುವಾಗ 2 ಆಂಪಿಯರ್‌ವರೆಗೂ ಗುಟುಕು ಗುಟುಕಾಗಿ ಎಳೆಯುತ್ತೆ. ನೀನು ಅದಕ್ಕೂ ಚಿಪ್ಪಿಗೂ ಒಂದೇ ಲಿಥಿಯಂ ಸೆಲ್ಲಿನಿಂದ ಒಂದೇ ಸಪೂರ ತಂತಿ ಎಳೆದಿದ್ದೀಯ. ತಂತಿ, ಸೆಲ್ ಹೋಲ್ಡರ್ ಎಲ್ಲ ಸೇರಿ ಅರ್ಧ ಓಮ್ ಇದ್ದರೂ ಸಾಕು, 1 ವೋಲ್ಟ್ ದಾರಿಯಲ್ಲೇ ಮಾಯ. ಒಂದೊಂದು ಗುಟುಕೂ ಅರ್ಧ ಮಿಲಿಸೆಕೆಂಡಿಗೆ ಮುಗಿಯುತ್ತೆ, ಮೀಟರಿನ ಕಣ್ಣಿಗೂ ಬೀಳಲ್ಲ. ನಲವತ್ತು ವರ್ಷ ರೇಡಿಯೊ, ಟಿವಿ, ಯುಪಿಎಸ್ ಬಿಚ್ಚಿದವನು ನಾನು. ಹೀಗೆ ಬಂದು ಹೋಗುವ ಬೇನೆಯ ಮೂಲ ಹೆಚ್ಚಿನ ಸಲ ಸಪ್ಲೈಯಲ್ಲೇ ಸಿಕ್ಕಿದೆ.

ಹಾಗಾದರೆ ಕಾವಲು ಯಾರಿಗೆ ಒಪ್ಪಿಸೋದು? ಚಿಪ್ಪಿಗೇ ಒಪ್ಪಿಸು. ಅದು ಒಂದು ಸಲ ಅಳೆಯೋಕೆ ಸುಮಾರು 0.1 ಮಿಲಿಸೆಕೆಂಡು ಸಾಕು.

ನೀನೂ ಅಳೆದೆ, ಗೊತ್ತು. ಎರಡು ರೆಸಿಸ್ಟರ್ ಹಾಕಿ ಚಿಪ್ಪಿನ ಸಪ್ಲೈಯನ್ನು ಅರ್ಧ ಮಾಡಿ ಓದಿಸಿದೆ. ಸೆಲ್ ತುಂಬಿದ್ದರೂ 512, ಬತ್ತಿದರೂ 512! ಯಾಕೆ ಹೇಳು? ನಿನ್ನಜ್ಜಿ ಸೇರಿನಲ್ಲಿ ರಾಗಿ ಅಳೆಯೋದನ್ನು ನೋಡಿದ್ದೀಯಲ್ಲ. ರಾಶಿ ಕರಗಿದಷ್ಟೇ ಸೇರೂ ಕುಗ್ಗಿದರೆ ಲೆಕ್ಕ ಬದಲಾಗುತ್ತದೆಯೇ? ಆರ್ಡುಯಿನೊದ ಆ ಎಟಿಮೆಗಾ328ಪಿ ಸುಮ್ಮನೆ ಬಿಟ್ಟರೆ ತನ್ನ ಸಪ್ಲೈಯನ್ನೇ ಸೇರು ಮಾಡಿಕೊಂಡು ಅಳೆಯುತ್ತೆ.

ಅದರ ಹೊಟ್ಟೆಯೊಳಗೆ ಸುಮಾರು 1.1 ವೋಲ್ಟಿನ ಒಂದು ರೆಫರೆನ್ಸ್ ಇದೆ. ಸಪ್ಲೈ ಏರಲಿ, ಇಳಿಯಲಿ, ಅದು ಬಹುಮಟ್ಟಿಗೆ ಅಲುಗಾಡಲ್ಲ. ಲೆಕ್ಕ ತಿರುಗಿಸು, ಕುಗ್ಗುವ ಸೇರಿನಿಂದ ಈ ಕುಗ್ಗದ ರಾಶಿಯನ್ನು ಅಳೆ. ಸಪ್ಲೈ 5 ವೋಲ್ಟ್ ಇದ್ದಾಗ 225ರ ಆಸುಪಾಸು ಬರುತ್ತೆ, 3.3ಕ್ಕೆ ಇಳಿದರೆ 341. ಅಂಕಿ ಏರಿತೆಂದರೆ ಸೇರು ಕುಗ್ಗಿದೆ ಅಂತ. 11,26,400ನ್ನು ಆ ಅಂಕಿಯಿಂದ ಭಾಗಿಸು, ಮಿಲಿವೋಲ್ಟ್ ಸಿಗುತ್ತೆ. ಇಂಟ್‌ನಲ್ಲಿ ಅಷ್ಟು ದೊಡ್ಡ ಸಂಖ್ಯೆ ಹಿಡಿಸಲ್ಲ, ಲಾಂಗ್ ಅಂತ ಬರಿ. ಹೊರಗಿನಿಂದ ಒಂದು ರೆಸಿಸ್ಟರೂ ಬೇಡ, ಒಂದು ಪೈಸೆ ಖರ್ಚಿಲ್ಲ.

ಅವಸರ ಮಾತ್ರ ಮಾಡಬೇಡ. ರೆಫರೆನ್ಸ್ ಕಡೆ ಚಾನಲ್ ತಿರುಗಿಸಿದ ಮೇಲೆ ಎರಡು ಮಿಲಿಸೆಕೆಂಡು ಸುಮ್ಮನಿರು, ಮೊದಲ ಓದನ್ನು ಬಿಸಾಡು. ಆಮೇಲೆ ಚಾನಲ್ ಕದಲಿಸದೆ, ಎಸ್ಸೆಮ್ಮೆಸ್ ಹೋಗುವಷ್ಟೂ ಹೊತ್ತು ಓದಿಸುತ್ತಾ, ಎಲ್ಲಕ್ಕಿಂತ ಕೆಳಗಿನ ವೋಲ್ಟೇಜನ್ನು ನೆನಪಿಟ್ಟುಕೋ. ಸರಾಸರಿ ತೆಗೆದೆಯೋ, ಕಳ್ಳ ತಪ್ಪಿಸಿಕೊಂಡ. ಕಳ್ಳ ಸಿಕ್ಕ ಮೇಲೆ ಮದ್ದು ಸುಲಭ. ತಂತಿ ದಪ್ಪ ಮಾಡು, ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸು. ಚಿಪ್ಪಿನ ಬ್ರೌನ್‌ಔಟ್ ಕಾವಲು ಆನ್ ಇರಲಿ. 1.8, 2.7, 4.3 ಅಂತ ಮೂರು ಮಟ್ಟ ಇವೆ, ನಿನ್ನ ಸೆಲ್ಲಿಗೆ 2.7 ಸರಿ. ರೀಸೆಟ್ ಕಾಟ ತಪ್ಪಲಿ ಅಂತ ಅದನ್ನು ಆಫ್ ಮಾಡುವವರಿದ್ದಾರೆ. ಅರೆಹೊಟ್ಟೆಯ ಚಿಪ್ಪು ಹುಚ್ಚುಹುಚ್ಚಾಗಿ ನಡೆದು ಇಇಪ್ರಾಮ್‌ನಲ್ಲಿ ಬರೆದಿಟ್ಟದ್ದನ್ನೇ ಕೆಡಿಸಿದ್ದನ್ನು ನಾನು ಕಂಡಿದ್ದೇನೆ.

ಚಿಕ್ಕಪ್ಪನ 12 ವೋಲ್ಟ್ ಸೋಲಾರ್ ಬ್ಯಾಟರಿಗೆ ಬೇರೆ ದಾರಿ. ಅಲ್ಲಿ ಚಿಪ್ಪಿಗೆ ರೆಗ್ಯುಲೇಟರಿನಿಂದ ಗಟ್ಟಿ 5 ವೋಲ್ಟ್ ಇರೋದರಿಂದ ಸೇರು ಕುಗ್ಗಲ್ಲ. ಮೇಲೆ 33ಕೆ, ಕೆಳಗೆ 10ಕೆ ರೆಸಿಸ್ಟರ್ ಹಾಕು. 15 ವೋಲ್ಟ್ ಬಂದರೂ ಪಿನ್ನಿಗೆ ತಲುಪೋದು ಮೂರೂವರೆ. 11.8ಕ್ಕೆ ದೀಪ ಕತ್ತರಿಸಿದೆ ಅಂತಿಟ್ಟುಕೋ, ಮತ್ತೆ ಹಚ್ಚೋದು 12.5 ಆದ ಮೇಲೆಯೇ. ಭಾರ ಇಳಿದ ಕೂಡಲೇ ಬ್ಯಾಟರಿ ತುಸು ಚೇತರಿಸಿಕೊಳ್ಳುತ್ತೆ. ಅದನ್ನು ನಂಬಿದರೆ ರಿಲೇ ರಾತ್ರಿಯಿಡೀ ಟಕಟಕ ಅನ್ನುತ್ತೆ, ಚಿಕ್ಕಮ್ಮ ನಿನ್ನನ್ನೇ ಎಬ್ಬಿಸುತ್ತಾಳೆ.

ಇನ್ನೊಂದು ಮಾತು. 1.1 ಅಂದೆನಲ್ಲ, ಅದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬೇರೆಬೇರೆ. ನಾಳೆ ತೋಟಕ್ಕೆ ಹೋಗುವಾಗ ನನ್ನ ಮೀಟರ್ ತಗೊಂಡು ಹೋಗು. ಅದು ತೋರಿಸಿದ್ದಕ್ಕೂ ಚಿಪ್ಪು ಹೇಳಿದ್ದಕ್ಕೂ ಒಮ್ಮೆ ತಾಳೆ ಹಾಕಿ, ಸರಿಯಾದ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬರೆದಿಡು. ಕಾಗದದ ಚೂರಿನಲ್ಲಿ ಬೇಡ, ನಿನ್ನ ಕಾಗದದ ಚೂರುಗಳ ಗತಿ ನನಗೆ ಗೊತ್ತು.