ಕಂಪ್ಯೂಟರಿನಲ್ಲಿ ಮುದ್ದು ಎಮ್ಮೆಕರು ಬಿಡಿಸೋಣ



ಕಾರ್ಟೂನ್ ಪ್ರಾಣಿ ಬಿಡಿಸಿ ಅಂದರೆ ನಮ್ಮಲ್ಲಿ ಹೆಚ್ಚಿನವರು ಇಲಿಯನ್ನೋ ಕರಡಿಯನ್ನೋ ಬಿಡಿಸುತ್ತಾರೆ. ಅದೂ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ್ದನ್ನೇ. ಕೆಮ್ಮಣ್ಣಿನಲ್ಲಿ ಕರಡಿ ಕಂಡವರು ಯಾರಿದ್ದಾರೆ ಹೇಳಿ? ಎಮ್ಮೆ, ಕೋಣ ಆದರೆ ನಮ್ಮವು. ಕಂಬಳದ ಕರೆಯಲ್ಲಿ ಕೆಸರು ಹಾರಿಸಿ ಓಡುವ ಕೋಣವೂ ಒಂದು ಕಾಲದಲ್ಲಿ ಹಟ್ಟಿಯಲ್ಲಿ ತಾಯಿಯ ಹಿಂದೆ ಅಡಗುವ ಕರುವೇ ಆಗಿತ್ತಲ್ಲ! ಗದ್ದೆಗೆ ಟಿಲ್ಲರ್ ಬಂದ ಮೇಲೆ ಅವುಗಳನ್ನು ಸಾಕುವ ಮನೆಗಳು ಕಡಿಮೆಯಾಗಿವೆ. ನಮ್ಮ ತಮ್ಮ ತಂಗಿಯರಿಗೆ ಎಮ್ಮೆಕರುವಿನ ಕಿವಿ ಎಲ್ಲಿಂದ ಹೊರಡುತ್ತದೆ ಎಂದು ಕೇಳಿದರೆ ಯೋಚಿಸಬೇಕಾದೀತು. ಅದಕ್ಕೇ ಈ ಪಾಠಕ್ಕೆ ಎಮ್ಮೆಕರುವನ್ನೇ ಆರಿಸಿಕೊಂಡಿದೆ.

ಮುದ್ದು ಎಲ್ಲಿಂದ ಬರುತ್ತದೆ?

ಮುದ್ದು ಎಂಬುದು ಕಂಪ್ಯೂಟರಿನ ಯಾವ ಬಟನ್ನಿನಲ್ಲಿಯೂ ಇಲ್ಲ. ಅದು ಅಳತೆಯಲ್ಲಿದೆ. ಆಸ್ಟ್ರಿಯಾ ದೇಶದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ಇದನ್ನು ವಿವರಿಸಿದರು. ಮೈಗಿಂತ ದೊಡ್ಡದೆನಿಸುವ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೆಳಗೆ ಕೂತ ದೊಡ್ಡ ಕಣ್ಣು, ಗುಂಡು ಕೆನ್ನೆ, ಗಿಡ್ಡ ಕಾಲು, ಇಷ್ಟು ಕಂಡರೆ ನಮ್ಮ ಮನಸ್ಸು "ಇದು ಪಾಪು" ಎಂದು ತಿಳಿದು ಕರಗುತ್ತದೆ. ಮನುಷ್ಯರ ಮಗು, ನಾಯಿಮರಿ, ಕೋಳಿಮರಿ ಎಲ್ಲದಕ್ಕೂ ಇದೇ ಲೆಕ್ಕ. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಮೌಸ್ ಮೊದಲು ಚೂಪು ಮೂತಿಯ ತುಂಟ ಇಲಿಯಾಗಿತ್ತು. ವರ್ಷ ಕಳೆದಂತೆ ಅದರ ತಲೆ, ಕಣ್ಣು ದೊಡ್ಡದಾಗುತ್ತಾ ಬಂದವು. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರಲ್ಲಿ ಇದನ್ನು ಅಳತೆ ಮಾಡಿಯೇ ತೋರಿಸಿದರು. ನಮಗೆ ವಯಸ್ಸು ಏರುತ್ತದೆ, ಮಿಕ್ಕಿಗೆ ಇಳಿಯಿತು!

ಮೊದಲು ನೋಡಿ, ಆಮೇಲೆ ಮೌಸ್ ಹಿಡಿಯಿರಿ

ಎಲ್ಲ ಪ್ರಾಣಿಗೂ ಅದೇ ದೊಡ್ಡ ತಲೆ, ಅದೇ ದೊಡ್ಡ ಕಣ್ಣು ಇಟ್ಟರೆ ನಾಯಿ ಯಾವುದು, ಎಮ್ಮೆ ಯಾವುದು ಎಂದು ಗೊತ್ತಾಗುವುದು ಹೇಗೆ? ಅದಕ್ಕೆ ಹಟ್ಟಿಗೇ ಹೋಗಿ ನೋಡಬೇಕು. ಎಮ್ಮೆಕರುವಿನಲ್ಲಿ ಈ ನಾಲ್ಕನ್ನು ಗಮನಿಸಿ:

ಅ) ಕಿವಿ ಬೆಕ್ಕಿನಂತೆ ಮೇಲಕ್ಕೆ ನಿಂತಿರುವುದಿಲ್ಲ. ತಲೆಯ ಎರಡೂ ಬದಿಗೆ ಅಡ್ಡಲಾಗಿ ಚಾಚಿರುತ್ತದೆ.
ಆ) ಎಳೆಗರುವಿಗೆ ಬಾಗಿದ ಕೊಂಬು ಇರುವುದಿಲ್ಲ. ಕೊಂಬು ಬರುವ ಜಾಗ ಮಾತ್ರ ಇರುತ್ತದೆ.
ಇ) ಮೂಗು ಅಗಲ, ಒದ್ದೆಯಾಗಿ ಹೊಳೆಯುತ್ತದೆ.
ಈ) ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲು ಇಲ್ಲ. ಆದ್ದರಿಂದ ಕರುವನ್ನು ನಗಿಸುವುದಾದರೆ ಮೇಲಿನ ಸಾಲು ಹಲ್ಲು ತೋರಿಸಬೇಡಿ.

ಬೇಕಾಗುವ ವಸ್ತುಗಳು

ಚೌಕುಳಿ ಪುಸ್ತಕದ ಒಂದು ಹಾಳೆ, ಪೆನ್ಸಿಲ್, ಇಂಕ್‌ಸ್ಕೇಪ್ ತಂತ್ರಾಂಶವಿರುವ ಒಂದು ಕಂಪ್ಯೂಟರ್. ಇಂಕ್‌ಸ್ಕೇಪ್ 2003ರಲ್ಲಿ ಶುರುವಾದ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಂದಿ ಕಾಯುವ ಕಡೆ ಮೊದಲೇ ಹಾಳೆಯಲ್ಲಿ ಬಿಡಿಸಿಟ್ಟುಕೊಂಡರೆ ಸಮಯ ಉಳಿಯುತ್ತದೆ, ಜಗಳವೂ ಇಲ್ಲ.

ಅಳತೆ ಹೀಗಿರಲಿ: ತಲೆ 10 ಚೌಕ ಅಗಲ, 8 ಚೌಕ ಎತ್ತರ. ಮೈ 6 ಚೌಕ ಅಗಲ, 5 ಚೌಕ ಎತ್ತರ. ಕಾಲು 2 ಚೌಕ ಅಗಲ, 3 ಚೌಕ ಉದ್ದ. ನಾವು ಬಿಡಿಸುವುದು ಎದುರಿನಿಂದ ಕಾಣುವ ಕರುವನ್ನು. ಹಾಗಾಗಿ ಎರಡು ಕಾಲು ಸಾಕು.

ಬಿಡಿಸುವ ಕ್ರಮ

1. ಇಂಕ್‌ಸ್ಕೇಪ್ ತೆರೆಯಿರಿ. ವ್ಯೂ ಮೆನುವಿನಲ್ಲಿ ಪೇಜ್ ಗ್ರಿಡ್ ಒತ್ತಿದರೆ ತೆರೆಯ ಮೇಲೂ ಚೌಕುಳಿ ಬರುತ್ತದೆ.

2. ಎಫ್ 4 ಒತ್ತಿ ಎರಡು ಕಾಲುಗಳನ್ನು ಆಯತವಾಗಿ ಎಳೆಯಿರಿ. ಮೂಲೆಯಲ್ಲಿರುವ ಸಣ್ಣ ಗುಂಡು ಹಿಡಿಯನ್ನು ಎಳೆದರೆ ಮೂಲೆ ದುಂಡಗಾಗುತ್ತದೆ. ಗೊರಸಿಗೆ ಕಪ್ಪು ಬಣ್ಣ, ನಡುವೆ ಒಂದು ಗೆರೆ. ಗೊರಸು ಸೀಳಿರುತ್ತದೆ, ಮರೆಯಬೇಡಿ.

3. ಎಫ್ 5 ಒತ್ತಿದರೆ ಅಂಡಾಕಾರ ಬಿಡಿಸುವ ಸಾಧನ ಬರುತ್ತದೆ. ಮೊದಲು ಮೈ ಬಿಡಿಸಿ. ನಂತರ ಬಿಡಿಸಿದ್ದು ಮೊದಲಿನದರ ಮೇಲೆ ಕೂರುತ್ತದೆ, ಬೈಹುಲ್ಲಿನ ಸೂಡಿ ಒಂದರ ಮೇಲೊಂದು ಇಟ್ಟ ಹಾಗೆ. ಆದ್ದರಿಂದ ಹಿಂದೆ ಇರಬೇಕಾದದ್ದನ್ನು ಮೊದಲು ಬಿಡಿಸುವುದು ಒಳ್ಳೆಯದು. ಕ್ರಮ ತಪ್ಪಿದರೆ ಹೆದರಬೇಡಿ. ಆ ಭಾಗವನ್ನು ಆರಿಸಿ ಪೇಜ್ ಡೌನ್ ಒತ್ತಿದರೆ ಕೆಳಗೆ ಹೋಗುತ್ತದೆ, ಪೇಜ್ ಅಪ್ ಒತ್ತಿದರೆ ಮೇಲೆ ಬರುತ್ತದೆ.

4. ಈಗ ಕಿವಿ. ಉದ್ದನೆಯ ಒಂದು ಅಂಡಾಕಾರ ಎಳೆಯಿರಿ. ಎಫ್ 1 ಒತ್ತಿ ಅದನ್ನು ಆರಿಸಿದ ಮೇಲೆ ಇನ್ನೊಮ್ಮೆ ಕ್ಲಿಕ್ ಮಾಡಿದರೆ ತಿರುಗಿಸುವ ಬಾಣಗಳು ಕಾಣುತ್ತವೆ. ಸ್ವಲ್ಪವೇ ಓರೆ ಮಾಡಿ. ಕಂಟ್ರೋಲ್ ಹಿಡಿದು ಡಿ ಒತ್ತಿದರೆ ಇನ್ನೊಂದು ಕಿವಿ ತಯಾರು. ಎಚ್ ಒತ್ತಿದರೆ ಅದು ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಕಂಟ್ರೋಲ್ ಹಿಡಿದೇ ಪಕ್ಕಕ್ಕೆ ಎಳೆದರೆ ಎರಡೂ ಕಿವಿ ಒಂದೇ ಎತ್ತರದಲ್ಲಿ ಉಳಿಯುತ್ತವೆ.

5. ಕಿವಿಗಳ ಬುಡ ಮುಚ್ಚುವಂತೆ ತಲೆ ಬಿಡಿಸಿ. ತಲೆಯ ಕೆಳಭಾಗದಲ್ಲಿ 6 ಚೌಕ ಅಗಲ, 3 ಚೌಕ ಎತ್ತರದ ಮೂತಿ, ಅದರಲ್ಲಿ ಎರಡು ಮೂಗಿನ ಹೊಳ್ಳೆ.

6. ಕಣ್ಣು ತಲೆಯ ಅರ್ಧಕ್ಕಿಂತ ಕೆಳಗಿರಲಿ. ಎರಡು ಕಣ್ಣಿನ ನಡುವೆ ನಾಲ್ಕು ಚೌಕ ಜಾಗ ಬಿಡಿ. ಕಪ್ಪು ಅಂಡಾಕಾರದೊಳಗೆ, ಬಲಗಡೆ ಮೇಲ್ಭಾಗದಲ್ಲಿ, ಒಂದು ಸಣ್ಣ ಬಿಳಿ ಚುಕ್ಕೆ. ಈ ಚುಕ್ಕೆ ಇಲ್ಲದಿದ್ದರೆ ಕಣ್ಣಿಗೆ ಜೀವವೇ ಬರುವುದಿಲ್ಲ. ಕಪ್ಪು, ಬಿಳಿ ಎರಡನ್ನೂ ಆರಿಸಿ ಕಂಟ್ರೋಲ್ ಹಿಡಿದು ಜಿ ಒತ್ತಿ ಒಟ್ಟು ಮಾಡಿ.

7. ಎಫ್ 6 ಒತ್ತಿದರೆ ಪೆನ್ಸಿಲ್. ಬಾಯಿಗೆ ಒಂದು ಸಣ್ಣ ಬಾಗು ಗೆರೆ, ಹಣೆಯ ಮೇಲೆ ಮೂರು ಕೂದಲು.

8. ಬಣ್ಣಕ್ಕೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಎಫ್ ಒತ್ತಿ. ಕೆಂಪು, ಹಸಿರು, ನೀಲಿ ಮೂರನ್ನೂ 0ರಿಂದ 255ರವರೆಗೆ ಇಡಬಹುದು. ಕರುವಿನ ಮೈಗೆ 110, 85, 70 ಇಟ್ಟು ನೋಡಿ. ಕಾಲಡಿಯ ನೆಲಕ್ಕೆ 165, 75, 45 ಇಟ್ಟರೆ ನಮ್ಮ ಊರಿನ ಹೆಸರಿನಲ್ಲೇ ಇರುವ ಮಣ್ಣಿನ ಬಣ್ಣ!

ಎಡವುವುದು ಎಲ್ಲಿ?

ಕಿವಿಯಂತೆ ಕಣ್ಣನ್ನೂ ಎಚ್ ಒತ್ತಿ ಮಗುಚಿದರೆ ಬಿಳಿ ಚುಕ್ಕೆ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಬೀಳುತ್ತದೆ. ಕರು ಮೆಳ್ಳಗಣ್ಣಿನದಾಗುತ್ತದೆ. ಬೆಳಕು ಬರುವುದು ಒಂದೇ ಕಡೆಯಿಂದ ಅಲ್ವಾ? ಹಾಗಾಗಿ ಕಣ್ಣಿಗೆ ನಕಲು ಮಾತ್ರ ಮಾಡಿ, ಮಗುಚಬೇಡಿ. ಯಾವ ಹಂತದಲ್ಲಿ ಹಾಳಾದರೂ ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಹಿಂದಿನ ಸ್ಥಿತಿ ಬರುತ್ತದೆ. ಕರೆಂಟು ಹೋದರೆ ಮಾತ್ರ ಬರುವುದಿಲ್ಲ! ಆಗಾಗ ಕಂಟ್ರೋಲ್ ಹಿಡಿದು ಎಸ್ ಒತ್ತಿ ಉಳಿಸಿಕೊಳ್ಳಿ.

ಚಿತ್ರ ಎಸ್‌ವಿಜಿ ಕಡತವಾಗಿ ಉಳಿಯುತ್ತದೆ. ಇದರಲ್ಲಿ ಗೆರೆಗಳು ಚುಕ್ಕಿಗಳಾಗಿ ಅಲ್ಲ, ಲೆಕ್ಕವಾಗಿ ಇರುತ್ತವೆ. ಆದ್ದರಿಂದ ಅಂಚೆಚೀಟಿಯಷ್ಟು ಮಾಡಿದರೂ, ಶಾಲೆಯ ಗೋಡೆಯಷ್ಟು ಮಾಡಿದರೂ ಅಂಚು ಒಡೆಯುವುದಿಲ್ಲ. ಫೋಟೋ ಹಿಗ್ಗಿಸಿದರೆ ಮಸುಕಾಗುವುದು ನೀವು ನೋಡಿರಬಹುದು.

ನಿಮಗಿದು ಗೊತ್ತೇ?

* ಲಿನಕ್ಸ್ ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆಯ ಗುರುತು ಟಕ್ಸ್ ಎಂಬ ದಪ್ಪ ಪೆಂಗ್ವಿನ್. ಲಿನಕ್ಸ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಅವರಿಗೆ ಹೊಟ್ಟೆ ತುಂಬ ಮೀನು ತಿಂದು ಸುಖವಾಗಿ ಕೂತ ಪೆಂಗ್ವಿನ್ ಬೇಕಿತ್ತು. (ಬೂತಾಯಿ ಊಟ ಮುಗಿಸಿ ಜಗಲಿಯಲ್ಲಿ ಕೂತವರ ಮುಖ ನೆನಪು ಮಾಡಿಕೊಳ್ಳಿ!) 1996ರಲ್ಲಿ ಲ್ಯಾರಿ ಈವಿಂಗ್ ಅದನ್ನು ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಡಿಸಿದರು. ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಕೇಳಿದರೆ ನನ್ನ ಹೆಸರು ಮತ್ತು ಜಿಂಪ್ ಹೆಸರು ಹೇಳಿ ಎಂದು ಬಿಟ್ಟುಕೊಟ್ಟರು.

* ಭಾರತೀಯ ರೈಲ್ವೆಯ ಗುರುತು ಭೋಲು ಎಂಬ ಗಾರ್ಡ್ ಆನೆ. ರೈಲ್ವೆಗೆ 150 ವರ್ಷವಾದ ನೆನಪಿಗೆ ಅದನ್ನು 2002ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಆನೆಯಷ್ಟು ದೊಡ್ಡ ಪ್ರಾಣಿಯೂ ಅಳತೆ ಬದಲಾದರೆ ಮುದ್ದಾಗುತ್ತದೆ.

* ಕೇರಳದ ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ಜಿಂಪ್, ಇಂಕ್‌ಸ್ಕೇಪ್ ಇವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇದನ್ನು ಕನ್ನಡದಲ್ಲೇ ಕಲಿಯುತ್ತಾರೆ. ಅವರಿಂದ ಆಗುವುದು ನಮ್ಮಿಂದ ಆಗದೇ?

ಒಂದು ಮಾತು

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾವಿರ ಮುದ್ದು ಪ್ರಾಣಿ ಒಂದು ನಿಮಿಷದಲ್ಲಿ ಸಿಗುತ್ತವೆ. ಆದರೆ ಅವೆಲ್ಲ ಇನ್ನೊಬ್ಬರು ಬಿಡಿಸಿದ್ದು. ಅದನ್ನು ತೆಗೆದು ಕೆಳಗೆ ನಮ್ಮ ಹೆಸರು ಹಾಕುವುದು ಸರಿಯಲ್ಲ. ಲ್ಯಾರಿ ಈವಿಂಗ್ ಅವರಂತೆ ಅನುಮತಿ ಕೊಟ್ಟವರ ಚಿತ್ರವನ್ನು ಬಳಸಬಹುದು, ಅವರ ಹೆಸರು ಹೇಳಬೇಕು. ನೀವೇ ಹಟ್ಟಿಗೆ ಹೋಗಿ ನೋಡಿ ಬಿಡಿಸಿದ ಕರುವಿನ ಕಿವಿ ಸ್ವಲ್ಪ ಸೊಟ್ಟವಾದರೂ ಅದು ನಿಮ್ಮ ಕರು.

ಮಾಡಿ ನೋಡಿ

ಮುಂದಿನ ಸಂಚಿಕೆಗೆ ನಿಮ್ಮ ಸುತ್ತಲಿನ ಒಂದು ಪ್ರಾಣಿ ಆರಿಸಿ. ಸ್ವರ್ಣಾ ನದಿಯ ದಡದ ಏಡಿ, ಗದ್ದೆಯ ಬೆಳ್ಳಕ್ಕಿ, ಅಂಗಳದ ಕೋಳಿ ಯಾವುದಾದರೂ ಆಗಬಹುದು. ಮೊದಲು ಅದರ ಬಗ್ಗೆ ನೀವೇ ಕಂಡ ಮೂರು ಸಂಗತಿ ಬರೆಯಿರಿ. ನಂತರ ಚೌಕುಳಿ ಹಾಳೆಯಲ್ಲಿ ಬಿಡಿಸಿ, ಹೆಸರು ಮತ್ತು ತರಗತಿ ಬರೆದು ಸಂಪಾದಕ ಮಂಡಳಿಗೆ ಕೊಡಿ. ಕಂಪ್ಯೂಟರ್ ಸಿಗದವರು ಹಾಳೆಯಲ್ಲೇ ಬಣ್ಣ ಹಾಕಿ ಕೊಡಬಹುದು. ನಮ್ಮ ಪತ್ರಿಕೆಗೆ ಗುರುತಿನ ಪ್ರಾಣಿ ಇನ್ನೂ ಇಲ್ಲ. ನಿಮ್ಮ ಏಡಿಯೇ ಆಗಬಹುದು, ಯಾರಿಗೆ ಗೊತ್ತು!