ಪೈಲ್ವಾನರ ಮನೆಯ ಹೆಣ್ಣುಮಗಳು ಹಮೀದಾ ಬಾನು



ಕುಸ್ತಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಗರಡಿ ಮನೆ, ಕೆಮ್ಮಣ್ಣು, ಗೋಡೆ ಮೇಲೆ ಆಂಜನೇಯನ ಪಟ, ಮೈಗೆಲ್ಲಾ ಮಣ್ಣು ಮೆತ್ತಿಕೊಂಡ ಗಂಡಸರು. ಆ ಚಿತ್ರದಲ್ಲಿ ಹೆಣ್ಣುಮಗಳು ಇರೋದೇ ಇಲ್ಲ. ಆದರೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮೊದಲೇ ಒಬ್ಬ ಹೆಂಗಸು ಕುಸ್ತಿಯನ್ನೇ ಕಸುಬು ಮಾಡಿಕೊಂಡು, ಗಂಡಸರ ಜೊತೆ ಜೋಡಿ ಕಟ್ಟಿಸಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದರು. ಅವರೇ ಹಮೀದಾ ಬಾನು.

ಇವರು ಉತ್ತರ ಪ್ರದೇಶದವರು. ಹುಟ್ಟಿದ್ದು ಪೈಲ್ವಾನರ ಮನೆತನದಲ್ಲಿ. ನೇಕಾರರ ಮನೆಯ ಮಗುವಿಗೆ ಮಗ್ಗದ ಸದ್ದು ಹೇಗೋ ಹಾಗೆ ಇವರಿಗೆ ತೊಡೆ ತಟ್ಟುವ ಸದ್ದು. ಆಮೇಲೆ ಅಲಿಗಢಕ್ಕೆ ಹೋಗಿ ಸಲಾಂ ಪೈಲ್ವಾನ ಅನ್ನುವ ಉಸ್ತಾದರ ಹತ್ತಿರ ಪಟ್ಟುಗಳನ್ನು ಕಲಿತರು.

ಈಗ ಅವರ ಊಟದ ವಿಷಯ ಹೇಳಲೇಬೇಕು, ಯಾಕಂದ್ರೆ ಆ ಕಾಲದ ಪತ್ರಿಕೆಗಳೇ ಅದನ್ನು ಬಾಯಿ ಚಪ್ಪರಿಸಿಕೊಂಡು ಬರೆದಿವೆ. ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ. ದಿನಕ್ಕೆ ಸುಮಾರು ಐದೂವರೆ ಲೀಟರ್ ಹಾಲು, ಒಂದು ಕೋಳಿ, ಕಿಲೋ ಹತ್ತಿರ ಮಾಂಸ, ಅರ್ಧ ಕಿಲೋ ಬೆಣ್ಣೆ, 6 ಮೊಟ್ಟೆ, ಇದರ ಮೇಲೆ ಬಾದಾಮಿ, ಎರಡು ತಟ್ಟೆ ಬಿರಿಯಾನಿ! ಓದಿ ನಗು ಬರುತ್ತೆ. ಆದರೆ ಅದೇ ವರದಿಗಳಲ್ಲಿ ಇನ್ನೊಂದು ಸಾಲೂ ಇದೆ: ದಿನಕ್ಕೆ 9 ಗಂಟೆ ನಿದ್ದೆ, 6 ಗಂಟೆ ಸಾಧನೆ. ಆರು ಗಂಟೆ ಅಂದ್ರೆ ನಾವು ಶಾಲೆಯಲ್ಲಿ ಕೂರುವಷ್ಟು ಹೊತ್ತು.

1944ರಲ್ಲಿ ಮುಂಬೈನಲ್ಲಿ ಗೂಂಗಾ ಪೈಲ್ವಾನನ ಜೊತೆ ಇವರ ಕುಸ್ತಿ ಗೊತ್ತಾಗಿತ್ತು. ಸುಮಾರು 20,000 ಜನ ಸೇರಿದ್ದರಂತೆ. ನಮ್ಮ ಸಿದ್ಧಲಿಂಗೇಶ್ವರ ಸ್ವಾಮಿ ತೇರಿನ ದಿನದ ನೂಕುನುಗ್ಗಲು ನೆನೆಸಿಕೊಳ್ಳಿ. ಕೊನೇ ಗಳಿಗೆಯಲ್ಲಿ ಎದುರಾಳಿ ಇನ್ನೂ ಹಣ ಬೇಕು, ಇನ್ನೂ ಸಮಯ ಬೇಕು ಅಂದ. ಕುಸ್ತಿ ನಿಂತುಹೋಯಿತು. ಸಿಟ್ಟಿಗೆದ್ದ ಜನ ಕ್ರೀಡಾಂಗಣವನ್ನೇ ಹಾಳು ಮಾಡಿದರು.

1954 ಇವರ ದೊಡ್ಡ ವರ್ಷ. ಆ ಫೆಬ್ರವರಿಯಲ್ಲಿ "ನನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುತ್ತೇನೆ" ಅಂತ ಸವಾಲು ಹಾಕಿದರು. ಪಟಿಯಾಲದ ಒಬ್ಬ, ಕಲ್ಕತ್ತಾದ ಒಬ್ಬ ಬಂದು ಸೋತರು. ಮೇ ತಿಂಗಳಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನ ಎದುರಾದ. ಅದಕ್ಕೂ ಮೊದಲು ಛೋಟೇ ಗಾಮಾ ಅನ್ನುವವನ ಹೆಸರಿತ್ತು. ಹೆಂಗಸಿನ ಜೊತೆ ಆಡೋದಿಲ್ಲ ಅಂತ ಅವನು ಹಿಂದೆ ಸರಿದ. ಬಾಬಾ ಪೈಲ್ವಾನನ ಕುಸ್ತಿ ನಡೆದದ್ದು 1 ನಿಮಿಷ 34 ಸೆಕೆಂಡು ಮಾತ್ರ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಹಾಡಿ ಮುಗಿಸೋಕೇ ನಮಗೆ ಎರಡೂವರೆ ನಿಮಿಷ ಬೇಕು! ಅಷ್ಟರೊಳಗೆ ಅವನ ಬೆನ್ನು ನೆಲ ಕಂಡಿತ್ತು. ಅದೇ ವರ್ಷ ಮುಂಬೈನಲ್ಲಿ 'ರಷ್ಯಾದ ಹೆಣ್ಣು ಕರಡಿ' ಎಂದು ಹೆಸರಾದ ವೆರಾ ಚಿಸ್ತಿಲಿನ್‌ಳನ್ನು ಒಂದು ನಿಮಿಷದೊಳಗೇ ಚಿತ್ ಮಾಡಿದರು. ಅಷ್ಟು ಹೊತ್ತಿಗೆ 300ಕ್ಕೂ ಹೆಚ್ಚು ಕುಸ್ತಿ ಗೆದ್ದಿದ್ದೇನೆ ಎನ್ನುವುದು ಅವರ ಲೆಕ್ಕ.

ಗೆದ್ದರೆ ಹಾರ ಹಾಕುತ್ತಾರೆ ಅಂದುಕೊಂಡಿರಾ? ಕೊಲ್ಹಾಪುರದಲ್ಲಿ ಒಬ್ಬ ಗಂಡಸನ್ನು ಸೋಲಿಸಿದಾಗ ಜನ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಪುಣೆಯಲ್ಲಿ ಕುಸ್ತಿ ಸಂಘದವರು ತಕರಾರು ತೆಗೆದು ಪಂದ್ಯವನ್ನೇ ನಿಲ್ಲಿಸಿದರು. ಆಗ ಮುಂಬೈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ (ಮುಂದೆ ಪ್ರಧಾನಿಯಾದವರು). ಹಮೀದಾ ಅವರಿಗೆ ದೂರು ಕೊಟ್ಟರು. ಹೆಂಗಸು ಅನ್ನೋ ಕಾರಣಕ್ಕೆ ತಡೆದಿಲ್ಲ, ಸಂಘಟಕರು ನಿಮ್ಮ ಎದುರಿಗೆ ಡಮ್ಮಿಗಳನ್ನು ನಿಲ್ಲಿಸುತ್ತಾರೆ ಅಂತ ದೂರು ಬಂದಿದೆ ಎಂದು ಉತ್ತರ ಬಂತು.

ಇದೇ ಮುಖ್ಯವಾದ ಪ್ರಶ್ನೆ. ಅವರ ಕುಸ್ತಿ ನಿಜವೋ, ಮೊದಲೇ ಮಾತಾಡಿಕೊಂಡದ್ದೋ? ಆಗಿನ ಕಸುಬಿನ ಕುಸ್ತಿ ನಡೆಯುತ್ತಿದ್ದದ್ದು ಟಿಕೆಟ್ ಹಣದ ಮೇಲೆ. ಹಣ ಇರುವ ಕಡೆ ಅನುಮಾನ ಇದ್ದೇ ಇರುತ್ತೆ, ಕೆಲವು ಪಂದ್ಯ ಹಾಗೆ ನಡೆದಿದ್ದರೂ ಇರಬಹುದು. ಆದರೆ ಸೋತ ಗಂಡಸು ಬೇಕಂತಲೇ ಸೋತ ಅಂತ ನಂಬೋದು ಜನಕ್ಕೆ ಸುಲಭವಾಗಿತ್ತು ಅಂತ ನನಗನ್ನಿಸುತ್ತೆ. ಗಂಡಸರಿಬ್ಬರು ಆಡಿದಾಗ ಕಲ್ಲು ಹಿಡಿದು ಇದನ್ನು ಕೇಳಿದವರು ಎಷ್ಟು ಜನ?

ಈಗ ಅಳತೆ ಬೇರೆ. ಅಂತಾರಾಷ್ಟ್ರೀಯ ಕುಸ್ತಿಯಲ್ಲಿ ತೂಕದ ವಿಭಾಗಗಳಿವೆ, 3 ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಅಂಕ. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಹೆಂಗಸರ ಕುಸ್ತಿಯೂ ಸೇರಿತು. ಹರಿಯಾಣದ ಬಲಾಲಿ ಹಳ್ಳಿಯ ಮಹಾವೀರ್ ಫೋಗಟ್ ತಮ್ಮ ಹೆಣ್ಣುಮಕ್ಕಳಿಗೆ ತಾವೇ ಕುಸ್ತಿ ಕಲಿಸಿದರು. ದೊಡ್ಡ ಮಗಳು ಗೀತಾ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅವರ ತಮ್ಮನ ಮಗಳು ವಿನೇಶ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು, ಆ ಬೆಳಿಗ್ಗೆ 50 ಕಿಲೋಗಿಂತ ಬರೀ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಹೊರಗೆ ಹಾಕಿದರು. 108 ಕಿಲೋದ ಹಮೀದಾಗೆ ಈ ತಕ್ಕಡಿಯ ಕಾಟ ಇರಲಿಲ್ಲ. ಅವರಿಗಿದ್ದ ಕಾಟ ಬೇರೆ ಥರದ್ದು.

ಯೂರೋಪಿಗೆ ಹೋಗಿ ಆಡುತ್ತೇನೆ ಅಂತ 1954ರಲ್ಲಿ ಹೇಳಿದ್ದರು. ಆಮೇಲೆ ಕುಸ್ತಿಯ ಸುದ್ದಿಯಲ್ಲಿ ಅವರ ಹೆಸರು ಕಾಣೋದು ನಿಂತಿತು. ಅವರ ಮೊಮ್ಮಗ ಬಿಬಿಸಿಗೆ ಹೇಳಿದ ಪ್ರಕಾರ, ಹೋಗದಂತೆ ತಡೆಯಲು ಸಲಾಂ ಪೈಲ್ವಾನರೇ ಅವರ ಕೈ ಮುರಿಯುವ ಹಾಗೆ ಹೊಡೆದರು. ಕಾಲಿಗೂ ಪೆಟ್ಟಾಗಿ, ಎಷ್ಟೋ ವರ್ಷ ಕೋಲು ಹಿಡಿದು ನಡೆದರಂತೆ. ಪಟ್ಟು ಕಲಿಸಿದ ಉಸ್ತಾದರೇ! ಮುಂಬೈ ಹತ್ತಿರದ ಕಲ್ಯಾಣದಲ್ಲಿ ಉಳಿದುಕೊಂಡು ಹಾಲು ಮಾರಿದರು. ಕೈಯಲ್ಲಿ ಕಾಸಿಲ್ಲದಾಗ ಮನೆಯಲ್ಲೇ ತಿಂಡಿ ಮಾಡಿ ರಸ್ತೆ ಬದಿ ಮಾರಿದರು. 1986ರಲ್ಲಿ ತೀರಿಕೊಂಡರು.

2024ರ ಮೇ 4ರಂದು ಗೂಗಲ್ ತನ್ನ ಮೊದಲ ಪುಟದಲ್ಲಿ ಅವರ ಚಿತ್ರ ಹಾಕಿತ್ತು. ಅದನ್ನು ಬರೆದವರು ನಮ್ಮ ಬೆಂಗಳೂರಿನ ಕಲಾವಿದೆ ದಿವ್ಯಾ ನೇಗಿ. ಕಂಪ್ಯೂಟರ್ ಕೋಣೆಯಲ್ಲಿ ಮೇಷ್ಟ್ರನ್ನು ಕೇಳಿದರೆ ತೋರಿಸುತ್ತಾರೆ.