ಭೂಮಿ ಹುಣ್ಣಿಮೆಯ ಸಂಜೆ ನೆತ್ತಿಯ ಮೇಲೆ ಸಿಡಿದದ್ದನ್ನು ನೋಡುವ ಬಗೆ

2022ರ ಅಕ್ಟೋಬರ್ 9, ಭಾನುವಾರ, ಭೂಮಿ ಹುಣ್ಣಿಮೆ. ಸೊರಬ, ಶಿಕಾರಿಪುರದ ಕಡೆ ಬೆಳಗಿನ ಜಾವವೇ ಚಿತ್ತಾರದ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ ಬರುವ ದಿನ. ಅಂದು ಸಂಜೆ 6 ಗಂಟೆ 47 ನಿಮಿಷಕ್ಕೆ, ಮೂಡಲಲ್ಲಿ ಚಂದ್ರ ಆಗಷ್ಟೇ ಮೇಲೇರುತ್ತಿದ್ದಾಗ, ಸೊರಬ ತಾಲ್ಲೂಕಿನ ಹೊಸಬಾಳೆಯ ಹೆಚ್ಚುಕಡಿಮೆ ನೆತ್ತಿಯ ಮೇಲಿಂದಲೇ ಗಾಮಾ ಕಿರಣಗಳ ಜಡಿಮಳೆ ಶುರುವಾಯಿತು. ಈವರೆಗೆ ಉಪಕರಣಗಳಿಗೆ ಸಿಕ್ಕ ಗಾಮಾ ಸ್ಫೋಟಗಳಲ್ಲೆಲ್ಲ ಅತಿ ಪ್ರಖರವಾದದ್ದು ಅದು. ಹತ್ತು ಸಾವಿರ ವರ್ಷಕ್ಕೊಮ್ಮೆ ಬರುವಂಥದ್ದು ಎಂಬುದು ವಿಜ್ಞಾನಿಗಳ ಅಂದಾಜು. ಆ ಕಿರಣಗಳು ಹೊರಟು ಸುಮಾರು 190 ಕೋಟಿ ವರ್ಷವಾಗಿತ್ತು.

ಯಾರಿಗೂ ಏನೂ ಕಾಣಲಿಲ್ಲ. ಗಾಮಾ ಕಿರಣವನ್ನು ನೆಲ ಮುಟ್ಟುವ ಮೊದಲೇ ವಾತಾವರಣ ಹೀರಿಕೊಳ್ಳುತ್ತದೆ. ಆದರೂ ಅಯಾನುಗೋಳ ಎಷ್ಟು ಕದಡಿತ್ತೆಂದರೆ, ಭಾರತದಲ್ಲಿ ಮಿಂಚು ಪತ್ತೆಹಚ್ಚುವ ಉಪಕರಣಗಳಿಗೂ ಅದರ ಸುಳಿವು ಹತ್ತಿತು. ಅಂದು ತಪ್ಪಿಹೋದದ್ದನ್ನು ಇವತ್ತು ಮನೆಯಲ್ಲೇ ಕೂತು ನೋಡಬಹುದು. ದುರ್ಬೀನು ಬೇಡ, ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ನೋಟ್‌ಬುಕ್ ಇದ್ದರೆ ಆಯಿತು.

ಹಂತ 1: ಹೆಸರು ಓದಲು ಕಲಿಯಿರಿ

ನಮ್ಮ ಎರಡೂ ತಾಲ್ಲೂಕುಗಳಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಅವನ್ನು ಓದುವವರ ಕಣ್ಣು ಶಕವರ್ಷ, ತಿಥಿ, ವಾರವನ್ನು ಹುಡುಕುತ್ತದಲ್ಲ, ಇಲ್ಲೂ ಹಾಗೆಯೇ. ಆ ಸಂಜೆಯ ಗಾಮಾ ಸ್ಫೋಟದ ಹೆಸರನ್ನೇ ನೋಡಿ: ‘ಜಿಆರ್‌ಬಿ 221009ಎ’ ಎಂದರೆ 2022ರ 10ನೇ ತಿಂಗಳ 9ನೇ ತಾರೀಖು, ಆ ದಿನ ಹೆಸರು ಪಡೆದ ಮೊದಲ ಸ್ಫೋಟ. ನಾಸಾದ ಫರ್ಮಿ ಉಪಗ್ರಹ ಅದಕ್ಕೇ ‘ಬಿಎನ್221009553’ ಎಂಬ ಸಂಖ್ಯೆ ಕೊಟ್ಟಿದೆ. ಕೊನೆಯ ಮೂರು ಅಂಕಿಗಳು ದಿನವನ್ನು ಸಾವಿರ ಪಾಲು ಮಾಡಿದಾಗ ಎಷ್ಟು ಪಾಲು ಕಳೆದಿತ್ತೆಂದು ಹೇಳುತ್ತವೆ. 0.553ನ್ನು 24ರಿಂದ ಗುಣಿಸಿ: 13.27 ಗಂಟೆ, ಅಂದರೆ 13:16. ಇದು ಯುಟಿಸಿ ಕಾಲ. ಐದೂವರೆ ಗಂಟೆ ಕೂಡಿಸಿದರೆ ನಮ್ಮ 6:46. ಒಂದು ನಿಮಿಷ ಆಚೀಚೆ ಆಗುವುದು ಮೂರೇ ಅಂಕಿ ಇಟ್ಟುಕೊಂಡದ್ದಕ್ಕೆ.

ಹೊಸಬರು ಎಡವುವುದು ಇಲ್ಲೇ. ನಮ್ಮ ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಸಿಡಿದ ಸ್ಫೋಟದ ಹೆಸರಿನಲ್ಲಿ ಹಿಂದಿನ ದಿನದ ತಾರೀಖು ಇರುತ್ತದೆ. ನೋಟ್‌ಬುಕ್ಕಿನಲ್ಲಿ ಎರಡೂ ಕಾಲ ಬರೆದಿಡಿ.

ಹಂತ 2: ಸುದ್ದಿ ಬರುವ ದಾರಿ ಹಿಡಿಯಿರಿ

ನಾಸಾ ನಡೆಸುವ ‘ಜಿಸಿಎನ್’ ಜಾಲಕ್ಕೆ ಉಚಿತವಾಗಿ ಸೇರಿಕೊಳ್ಳಿ. ಅಲ್ಲಿಂದ ಬರುವುದು ಎರಡು ಬಗೆ: ಉಪಗ್ರಹ ತಾನಾಗಿ ಕಳಿಸುವ ನೋಟಿಸ್, ವಿಜ್ಞಾನಿಗಳು ಕೂತು ಬರೆಯುವ ಸರ್ಕ್ಯುಲರ್. ಮೊದಲ ಸುದ್ದಿಯನ್ನು ಪೂರ್ತಿ ನಂಬಬೇಡಿ. ಆ ಹುಣ್ಣಿಮೆಯ ದಿನ ಸ್ವಿಫ್ಟ್ ಉಪಗ್ರಹ ಸುಮಾರು ಐವತ್ತು ನಿಮಿಷ ತಡವಾಗಿ, ಸ್ಫೋಟದ ಹಿಂಬೆಳಕನ್ನಷ್ಟೇ ಕಂಡಿತು. ಅದು ನಮ್ಮದೇ ಗ್ಯಾಲಕ್ಸಿಯೊಳಗಿನ ಯಾವುದೋ ಹೊಸ ಕಾಯವಿರಬೇಕೆಂದು ಮೊದಲು ವರದಿಯಾಯಿತು. ಫರ್ಮಿಯ ದಾಖಲೆ ಜೊತೆಗಿಟ್ಟು ನೋಡಿದ ಮೇಲೆಯೇ ನಿಜ ಗೊತ್ತಾದದ್ದು.

ಹಂತ 3: ಸಾಧು ಸ್ಫೋಟವೊಂದರಲ್ಲಿ ಕೈ ಪಳಗಿಸಿ

ಮೊದಲ ದಿನವೇ 221009ಎಗೆ ಕೈ ಹಾಕಬೇಡಿ, ಕಾರಣ ಮುಂದಿದೆ. ನಾಸಾದ ‘ಹೀಸಾರ್ಕ್’ ಭಂಡಾರಕ್ಕೆ ಹೋಗಿ ಫರ್ಮಿಯ 2008ರ ಸಾಲಿನಲ್ಲಿ ಬಿಎನ್080916009 ತೆರೆಯಿರಿ. ಪಾಸ್‌ವರ್ಡ್ ಕೇಳುವುದಿಲ್ಲ. ‘ಕ್ವಿಕ್‌ಲುಕ್’ ಫೋಲ್ಡರಿನಲ್ಲಿ ಸಿದ್ಧ ಚಿತ್ರಗಳಿವೆ. ಪ್ರೋಗ್ರಾಂ ಬರೆಯಲು ಬಾರದವರು ಇಷ್ಟಕ್ಕೇ ನಿಂತರೂ ನಷ್ಟವಿಲ್ಲ. ಪೈಥಾನ್ ಬಲ್ಲವರು ‘ಗಾಮಾ-ರೇ ಡೇಟಾ ಟೂಲ್ಸ್’ ಹಾಕಿಕೊಂಡು ‘ಟಿಟಿಇ’ ಕಡತ ಇಳಿಸಿಕೊಳ್ಳಿ. ಬಿದ್ದ ಒಂದೊಂದು ಫೋಟಾನಿನ ವೇಳೆಯೂ ಅದರಲ್ಲಿದೆ, ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಕರಾರುವಾಕ್ಕಾಗಿ.

ಫರ್ಮಿಯ ಜಿಬಿಎಂ ಉಪಕರಣಕ್ಕೆ ಕನ್ನಡಿಯಿಲ್ಲ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ 12 ಸೋಡಿಯಂ ಅಯೋಡೈಡ್ ಹರಳುಗಳು, ಹೆಚ್ಚಿನ ಶಕ್ತಿಯ ಕಿರಣಗಳಿಗೆ ಇನ್ನೆರಡು ಬೇರೆ ಹರಳುಗಳು. ಯಾವ ಹರಳಿಗೆ ಹೆಚ್ಚು ಬಿತ್ತು, ಯಾವುದಕ್ಕೆ ಕಡಿಮೆ ಎಂದು ತಾಳೆ ನೋಡಿ ದಿಕ್ಕು ಹೇಳುತ್ತಾರೆ. ಈ ಸ್ಫೋಟಕ್ಕೆ ಎನ್3, ಎನ್4 ತೆಗೆದುಕೊಳ್ಳಿ. ಅವು ಅದರತ್ತ ಮುಖ ಮಾಡಿದ್ದವು.

ಹಂತ 4: ಎಣಿಸಿ, ಕಳೆಯಿರಿ

ಸೂರಿನ ನೀರಿಗೆ ಹಂಡೆ ಇಟ್ಟು ಮಳೆ ಅಳೆಯುತ್ತೀರಿ ಅಂದುಕೊಳ್ಳಿ. ದಿನಕ್ಕೊಮ್ಮೆ ನೋಡಿದರೆ ಒಟ್ಟು ಮಳೆ ತಿಳಿದೀತು, ಯಾವಾಗ ಜೋರಾಗಿ ಹೊಯ್ಯಿತೆಂದು ತಿಳಿಯದು. ಗಳಿಗೆಗೊಮ್ಮೆ ನೋಡಿದರೆ ಏರಿಳಿತವೂ ಗೊತ್ತಾಗುತ್ತದೆ. ಫೋಟಾನುಗಳನ್ನೂ ಮೊದಲು ಒಂದೊಂದು ಸೆಕೆಂಡಿಗೆ, ಆಮೇಲೆ ಸೆಕೆಂಡಿನ ಹತ್ತನೇ ಒಂದಕ್ಕೆ ಎಣಿಸಿ ಗೆರೆ ಎಳೆಯಿರಿ. ಸ್ಫೋಟವಿಲ್ಲದಾಗಲೂ ಹರಳಿಗೆ ತುಂತುರು ಬೀಳುತ್ತಲೇ ಇರುತ್ತದೆ. ಸ್ಫೋಟಕ್ಕೆ ಮುಂಚಿನ 20 ಸೆಕೆಂಡು, ಮುಗಿದ ಮೇಲಿನ ನೂರು ಸೆಕೆಂಡು ನೋಡಿ ತುಂತುರಿನ ಮಟ್ಟ ಹಿಡಿದು ಕಳೆಯಿರಿ. ಉಳಿದದ್ದು ಸ್ಫೋಟ.

ಹಂತ 5: ಈಗ 221009ಎ

ಹಂಡೆ ತುಂಬಿ ಹೊರಚೆಲ್ಲಿದ ಮೇಲೆ ಮಳೆ ಎಷ್ಟು ಬಂತೆಂದು ಹಂಡೆಗೆ ಹೇಳಲಾಗದು. ಫರ್ಮಿಗೆ ಆದದ್ದು ಅದೇ. ಮೊದಲ ಸೂಚನೆ ಸಿಕ್ಕ ಮೇಲಿನ 219ನೇ ಸೆಕೆಂಡಿನಿಂದ 277ರವರೆಗೆ, ಮತ್ತೆ 508ರಿಂದ 514ರವರೆಗೆ, ಫೋಟಾನುಗಳು ಒಂದರ ಮೇಲೊಂದು ಬಿದ್ದು ಎರಡು ಸೇರಿ ಒಂದೆಂದು ಲೆಕ್ಕವಾದವು. ನಿಮ್ಮ ಗೆರೆಯ ಆ ಭಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಅಲ್ಲಿ ಕಾಣುವುದು ಉಪಕರಣದ ಸೋಲು, ಸ್ಫೋಟದ ನಡತೆಯಲ್ಲ. ಚೀನಾದ ಜೀಕ್ಯಾಮ್-ಸಿ ಉಪಕರಣ ಆಗ ಸಂವೇದನೆ ತಗ್ಗಿಸಿದ ವಿಶೇಷ ಕ್ರಮದಲ್ಲಿದ್ದದ್ದರಿಂದ ಪಾರಾಯಿತು. ಕಿರಿಬಾಯಿಯ ತಂಬಿಗೆ ಇಟ್ಟವರೇ ಅಂದು ಗೆದ್ದರು ಅನ್ನಿ.

ಹಂತ 6: ನಮ್ಮದನ್ನೂ ನೋಡಿ

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ನಡೆಸುವುದು ಬೆಂಗಳೂರಿನಿಂದ. ಅದರ ದತ್ತಾಂಶ ಇರುವುದು ಊರಾಚೆಯ ಬ್ಯಾಲಾಳಿನಲ್ಲಿ. ಅದರ ಸಿಜೆಡ್‌ಟಿಐ ಉಪಕರಣ ಕಣ್ಣು ಬಿಟ್ಟ ಮೊದಲ ದಿನವೇ, ಅಕ್ಟೋಬರ್ 6ರಂದು, ಒಂದು ಸ್ಫೋಟ ಹಿಡಿಯಿತು. ಅದರ ಹೆಸರನ್ನು ಹಂತ 1ರ ಪ್ರಕಾರ ನೀವೇ ಕಟ್ಟಿ, ಹುಡುಕಿ.

ಹಂತ 7: ಅಂಗಳಕ್ಕೆ ಬನ್ನಿ

ಮುಂದಿನ ಭೂಮಿ ಹುಣ್ಣಿಮೆಯ ಸಂಜೆ ಏಳರ ಹೊತ್ತಿಗೆ ತಲೆ ಎತ್ತಿ. ನೆತ್ತಿಯ ಆಸುಪಾಸಿನಲ್ಲಿ ಶ್ರವಣ, ಅದರ ಉತ್ತರಕ್ಕೆ ಅಭಿಜಿತ್. ಬೆಳದಿಂಗಳಲ್ಲೂ ಎರಡೂ ಕಾಣುತ್ತವೆ. ಶ್ರವಣದಿಂದ ಅಭಿಜಿತ್ತಿನ ಕಡೆಗೆ ಮೂರನೇ ಒಂದು ಪಾಲು ಸಾಗಿ, ತುಸು ಪಡುವಣಕ್ಕೆ ಸರಿದರೆ 221009ಎ ಸಿಡಿದ ಜಾಗ. ಮೋಡ ಮುಚ್ಚಿದ್ದರೆ ಮರುದಿನ ನೋಡಿ. ನಾಲ್ಕು ನಿಮಿಷ ಮುಂಚೆಯೇ ಅಲ್ಲಿಗೆ ಬಂದಿರುತ್ತದೆ.